ಜನವರಿಯಲ್ಲಿ ಅರ್ಧ ಇಂಚು, ಮೇ ತಿಂಗಳಲ್ಲಿ ಬೋಲ್ಟೇ ಏಳಲಿಲ್ಲ: ಮನೆಯಲ್ಲಿ ತುಂಬಿದ ತೋಟಾ ಕೈಕೊಟ್ಟಿದ್ದೆಲ್ಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ವಿರಾಜಪೇಟೆ ಹತ್ತಿರ. ಈಗ ಇರುವುದು ಟೆಕ್ಸಾಸ್‌ನಲ್ಲಿ, ಸ್ಯಾನ್ ಆಂಟೋನಿಯೋ ಪಕ್ಕ. ಗ್ರೀನ್ ಕಾರ್ಡ್ ಇದೆ. ನವೆಂಬರ್‌ನಲ್ಲಿ ಜಿಂಕೆ, ಮಧ್ಯೆ ಮಧ್ಯೆ ಕಾಡುಹಂದಿ ಬೇಟೆಗೆ ಹೋಗುತ್ತೇನೆ. ನನ್ನದು .308 ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಹೊಡೆತಕ್ಕೂ ಬೋಲ್ಟ್‌ನ ಹಿಡಿ ಎತ್ತಿ ಎಳೆಯಬೇಕು), ನಳಿಕೆ 22 ಇಂಚು. ಕಳೆದ ಚಳಿಗಾಲದಲ್ಲಿ ಪ್ರೆಸ್ ಕೊಂಡು ಮನೆಯಲ್ಲೇ ತೋಟಾ ತುಂಬಲು ಶುರು ಮಾಡಿದೆ. 165 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ಗುಂಡು, ವಾರ್ಗೆಟ್ ಎಂಬ ಮದ್ದು.

ಜನವರಿಯಲ್ಲಿ ಏಳು ಬೇರೆ ಬೇರೆ ಪ್ರಮಾಣದಲ್ಲಿ ಮೂರು ಮೂರು ತೋಟಾ ತುಂಬಿ 100 ಗಜದಲ್ಲಿ ಹೊಡೆದು ನೋಡಿದೆ. ಪುಸ್ತಕದ ಗರಿಷ್ಠಕ್ಕಿಂತ ಸ್ವಲ್ಪವೇ ಕೆಳಗಿನ ಒಂದು ಪ್ರಮಾಣದಲ್ಲಿ ಮೂರೂ ಗುಂಡು ಅರ್ಧ ಇಂಚಿನೊಳಗೆ ಕೂತವು. ವೇಗ ಸೆಕೆಂಡಿಗೆ 2,620 ಅಡಿ. ಇದೇ ನನ್ನ ಲೋಡ್ ಅಂತ ನಿರ್ಧರಿಸಿ ಮೇ ತಿಂಗಳಿಗೆ 60 ತೋಟಾ ತುಂಬಿಟ್ಟೆ. ಈ ಸಲ ಹೊಸ ಡಬ್ಬಿ ವಾರ್ಗೆಟ್. ಕೇಸ್ (ತೋಟಾದ ಹಿತ್ತಾಳೆ ಕೋಶ) ಸಾಲದ್ದಕ್ಕೆ ರೇಂಜ್‌ನಲ್ಲಿ ಹೆಕ್ಕಿದ ಮಿಲಿಟರಿ ಕೇಸ್ ಬಳಸಿದೆ. ಮೊನ್ನೆ ಐದು ಹೊಡೆದರೆ ಗ್ರೂಪ್ (ಗುಂಡು ಬಿದ್ದ ತೂತುಗಳ ಹರವು) 1.6 ಇಂಚು! ವೇಗ 2,690. ಎರಡು ಸಲ ಬೋಲ್ಟ್ ಎತ್ತಲು ಅಂಗೈಯಿಂದ ಗುದ್ದಬೇಕಾಯಿತು. ಪ್ರೈಮರ್ (ಕೇಸಿನ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಬಟ್ಟಲು) ಸ್ವಲ್ಪ ಚಪ್ಪಟೆ ಆಗಿವೆ. ಒಂದು ಕೇಸಿನ ಬುಡದ ಹತ್ತಿರ ಹೊಳೆಯುವ ಗೆರೆಯೂ ಇದೆ. ಜೊತೆಗಿದ್ದ ಗೆಳೆಯ, ‘ಪ್ರೈಮರ್ ತೂತು ಬಿದ್ದಿಲ್ಲ, ಪುಸ್ತಕದ ಮಿತಿಯೊಳಗೇ ಇದ್ದೀಯ, ಪುಸ್ತಕದಲ್ಲಿ ವೇಗ 2,700 ಅಂತ ಇದೆ, ಏನೂ ಆಗಲ್ಲ’ ಅಂದ. ನನ್ನ ಚಿಂತೆ ಆ ಅರ್ಧ ಇಂಚು ಎಲ್ಲಿ ಹೋಯಿತು ಅನ್ನುವುದು. ನಳಿಕೆ ಸವೆದಿದೆಯಾ? ಗುಂಡು ಕೂರಿಸುವ ಆಳ ಬದಲಿಸಲಾ?

ಇನ್ನೊಂದು. ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇನೆ. ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ತೋಟಾ ಕೋವಿ ಇದೆ. ಅಣ್ಣನಿಗೆ ಒಂದು ಸಣ್ಣ ಪ್ರೆಸ್, ಡೈ (ಕೇಸನ್ನು ಅಳತೆಗೆ ಒತ್ತುವ ಅಚ್ಚು) ತೆಗೆದುಕೊಂಡು ಹೋಗಬಹುದಾ?

ಉತ್ತರ: ಮೊದಲ ಮಾತು, ಉಳಿದಿರುವ 55 ತೋಟಾದಲ್ಲಿ ಒಂದನ್ನೂ ಹೊಡೆಯಬೇಡಿ. ‘ಇನ್ನೊಂದು ಹೊಡೆದು ನೋಡ್ತೀನಿ’ ಅಂತಲೂ ಬೇಡ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಹೊಡೆಯಬೇಡಿ’ ಎಂದು ಬರೆದು ಪಕ್ಕಕ್ಕಿಡಿ. ಅವುಗಳನ್ನು ಏನು ಮಾಡಬೇಕು ಎಂದು ಆಮೇಲೆ ಹೇಳುತ್ತೇನೆ.

ನೀವು ಕೇಳಿರುವುದು ಗುರಿಯ ಬಗ್ಗೆ. ಅರ್ಧ ಇಂಚು 1.6 ಇಂಚಾಯಿತಲ್ಲ ಎಂಬ ಬೇಸರ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ: ಗುದ್ದಿ ಎತ್ತಿದ ಬೋಲ್ಟ್, ಮತ್ತು ಆ ಹೊಳೆಯುವ ಗೆರೆ. ನಿಮ್ಮ ಗ್ರೂಪ್‌ಗೆ ಹೆಚ್ಚುಕಡಿಮೆ ಏನೂ ಆಗಿಲ್ಲ. ನಿಮ್ಮ ತೋಟಾಗೆ ಆಗಿದೆ. ಹಾಗಾಗಿ ಕೊನೆಯಲ್ಲಿ ಬರಬೇಕಾದದ್ದನ್ನು ಮೊದಲು ಹೇಳುತ್ತೇನೆ. (ನೀವು ಬರೆದಿದ್ದ ಮದ್ದಿನ ಗ್ರೇನ್ ಲೆಕ್ಕವನ್ನು ಬೇಕೆಂದೇ ತೆಗೆದಿದ್ದೇನೆ. ಯಾರಾದರೂ ನೋಡಿ ಹಾಗೇ ತುಂಬಿಬಿಡುತ್ತಾರೆ. ಆ ಅಂಕಿ ಮದ್ದು ಅಥವಾ ಗುಂಡಿನ ಕಂಪನಿಯ ಪುಸ್ತಕದಿಂದಲೇ ಬರಬೇಕು, ನನ್ನಿಂದಲೂ ಅಲ್ಲ.)

.308ಗೆ ಅಮೆರಿಕದ ಬಂದೂಕು, ತೋಟಾ ಉದ್ಯಮ ಸಂಸ್ಥೆ ಸಾಮಿ ಇಟ್ಟಿರುವ ಒತ್ತಡದ ಮಿತಿ 62,000 ಪಿಎಸ್‌ಐ. ನಿಮ್ಮ ಕಾರಿನ ಟೈರಿನಲ್ಲಿರುವುದು 32, 35. ಇಷ್ಟು ಒತ್ತಡವನ್ನು ತಡೆದು ನಿಲ್ಲಿಸುತ್ತಿರುವುದು ಒಂದು ಹಿತ್ತಾಳೆ ಕೇಸ್, ಅದರ ಹಿಂದೆ ಬೋಲ್ಟ್, ಅದರ ಹಿಂದೆ ನಿಮ್ಮ ಮುಖ. ಸರಿಯಾಗಿ ತುಂಬಿದ ತೋಟಾದಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ರೈಫಲ್ ಅದಕ್ಕೇ ಮಾಡಿದ್ದು.

ಈಗ ಗೆಳೆಯರ ಮಾತು. ‘ಪ್ರೈಮರ್ ತೂತು ಬಿದ್ದಿಲ್ಲ, ಆದ್ದರಿಂದ ಒತ್ತಡ ಸರಿ ಇದೆ.’ ಈ ನಂಬಿಕೆ ಎಲ್ಲ ರೇಂಜ್‌ನಲ್ಲೂ ಇದೆ, ಹಳಬರಲ್ಲೂ ಇದೆ. ಪ್ರೈಮರ್ ಒತ್ತಡದ ಮೀಟರ್ ಅಲ್ಲ. ಒಂದು ಕಂಪನಿಯ ಪ್ರೈಮರ್ ಬಟ್ಟಲು ಮೆದು, ಇನ್ನೊಂದರದ್ದು ಗಟ್ಟಿ. ಮೆದುವಾದದ್ದು ಸರಿಯಾದ ಒತ್ತಡದಲ್ಲೂ ಚಪ್ಪಟೆ ಆಗುತ್ತದೆ. ಗಟ್ಟಿಯಾದದ್ದು ಮಿತಿ ದಾಟಿದರೂ ಅಂಚು ದುಂಡಗೇ ಉಳಿಸಿಕೊಂಡಿರುತ್ತದೆ. ಸುಮ್ನೆ ಅದನ್ನೊಂದೇ ನೋಡಿ ತೀರ್ಮಾನಿಸಿದರೆ ಕೆಟ್ಟಿರಿ.

ಬೋಲ್ಟ್ ಗಟ್ಟಿಯಾಗುವುದು ಹಾಗಲ್ಲ. ಹೊಡೆದಾಗ ಕೇಸ್ ಉಬ್ಬಿ ಚೇಂಬರ್‌ನ (ನಳಿಕೆಯಲ್ಲಿ ತೋಟಾ ಕೂರುವ ಜಾಗದ) ಗೋಡೆಗೆ ಅಂಟುತ್ತದೆ. ಒತ್ತಡ ಇಳಿದ ಮೇಲೆ ಸ್ವಲ್ಪ ಕುಗ್ಗಿ ಸಡಿಲ ಆಗುತ್ತದೆ. ಒತ್ತಡ ಅತಿಯಾದರೆ ಚೇಂಬರ್‌ನ ಉಕ್ಕು ಕೂಡ ಕೂದಲೆಳೆಯಷ್ಟು ಹಿಗ್ಗುತ್ತದೆ. ಅದು ವಾಪಸ್ ಕುಗ್ಗುವಾಗ, ಅಷ್ಟೇ ಕುಗ್ಗಲಾರದ ಹಿತ್ತಾಳೆಯನ್ನು ಅಮುಕಿ ಹಿಡಿಯುತ್ತದೆ. ಆಗ ನೀವು ಅಂಗೈಯಿಂದ ಗುದ್ದಬೇಕಾಗುತ್ತದೆ. ಇಷ್ಟಾಗುವ ಹೊತ್ತಿಗೆ ಒತ್ತಡ ಸಾಮಾನ್ಯವಾಗಿ ಮಿತಿ ದಾಟಿಯಾಗಿರುತ್ತದೆ. ಅಂದರೆ ಅದು ಮುನ್ಸೂಚನೆ ಅಲ್ಲ, ತಡವಾಗಿ ಬಂದ ಸುದ್ದಿ. ಚೇಂಬರ್ ಕೊಳೆಯಾಗಿದ್ದರೆ, ಕೇಸ್ ಸರಿಯಾಗಿ ಸೈಜ್ ಆಗಿರದಿದ್ದರೆ (ಅಂದರೆ ಡೈಗೆ ಒತ್ತಿ ಸರಿಯಾದ ಅಳತೆಗೆ ತಂದಿರದಿದ್ದರೆ) ಕೂಡ ಬೋಲ್ಟ್ ಗಟ್ಟಿಯಾಗಬಹುದು, ನಿಜ. ಆದರೆ ಆಗ ತೋಟಾ ಒಳಗೆ ಹಾಕುವಾಗಲೇ ಬಿಗಿ ಅನ್ನಿಸುತ್ತದೆ. ನೀವು ಹಾಗೆ ಬರೆದಿಲ್ಲ.

ವೇಗದ ಲೆಕ್ಕವೂ ಇದನ್ನೇ ಹೇಳುತ್ತದೆ. ‘ಪುಸ್ತಕದಲ್ಲಿ 2,700 ಇದೆ, ನಂದು 2,690’ ಎಂದು ನಿಮ್ಮ ಗೆಳೆಯರು ಸಮಾಧಾನ ಪಟ್ಟರು. ಆ ಪುಟದ ಮೇಲ್ಭಾಗ ನೋಡಿ. ಯಾವ ನಳಿಕೆಯಲ್ಲಿ ಹೊಡೆದದ್ದು ಎಂದು ಬರೆದಿರುತ್ತಾರೆ. .308ಗೆ ಬಹುಪಾಲು 24 ಇಂಚಿನ ಪರೀಕ್ಷಾ ನಳಿಕೆ. ನಿಮ್ಮದು 22. ಒಂದು ಇಂಚು ಕಮ್ಮಿಯಾದರೆ ವೇಗ ಸುಮಾರು 20ರಿಂದ 25 ಅಡಿ ಕಮ್ಮಿಯಾಗುತ್ತದೆ. ಹಾಗಾದರೆ ಪುಸ್ತಕದ ಗರಿಷ್ಠ ಮದ್ದು ಹಾಕಿದರೂ ನಿಮ್ಮ ರೈಫಲ್‌ನಲ್ಲಿ 2,650 ಆಸುಪಾಸು ಬರಬೇಕು. ಅದಕ್ಕಿಂತ ಕಮ್ಮಿ ಮದ್ದು ಹಾಕಿ ನೀವು 2,690 ತೆಗೆದಿದ್ದೀರಿ. ಆ ಹೆಚ್ಚುವರಿ ವೇಗ ಎಲ್ಲಿಂದಲೋ ಪುಕ್ಕಟೆ ಬಂದದ್ದಲ್ಲ. ಹೆಚ್ಚು ಒತ್ತಡ ಗುಂಡನ್ನು ತಳ್ಳಿದೆ. ಒಂದೊಂದು ನಳಿಕೆ ಸ್ವಭಾವದಿಂದಲೇ ಸ್ವಲ್ಪ ಚುರುಕು ಇರುತ್ತದೆ, ಆದರೆ ಇದೇ ನಳಿಕೆ ಜನವರಿಯಲ್ಲಿ 2,620 ಕೊಟ್ಟಿತ್ತಲ್ವಾ? ಮನೆಯಲ್ಲಿ ತೋಟಾ ತುಂಬುವವರ ಹತ್ತಿರ ಒತ್ತಡ ಅಳೆಯುವ ಯಂತ್ರ ಇರುವುದಿಲ್ಲ. ಇರುವುದರಲ್ಲಿ ನಂಬಬಹುದಾದದ್ದು ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್. ನೀವು ಅದನ್ನು ಕೊಂಡಿದ್ದು ಒಳ್ಳೆಯದಾಯಿತು.

ಹಾಗಾದರೆ ಜನವರಿಗೂ ಮೇಗೂ ಮಧ್ಯೆ ಏನು ಬದಲಾಯಿತು? ಮೂರು: ಬಿಸಿಲು, ಮದ್ದಿನ ಡಬ್ಬಿ, ಕೇಸ್.

ಬಿಸಿಲಿನಿಂದ ಶುರು ಮಾಡೋಣ, ಎಲ್ಲರೂ ಮೊದಲು ಬೆರಳು ತೋರುವುದು ಅದಕ್ಕೇ. ಬಿಸಿ ಮದ್ದು ಬೇಗ ಉರಿಯುತ್ತದೆ, ಒತ್ತಡ ಏರುತ್ತದೆ. ಇದು ನಿಜ. ಚಳಿಯಲ್ಲಿ ಗರಿಷ್ಠದ ಅಂಚಿಗೆ ಹೋಗಿ ನಿಲ್ಲಿಸಿದ ಲೋಡ್ ಬೇಸಿಗೆಯಲ್ಲಿ ಅಂಚು ದಾಟುವುದು ಹೀಗೇ. ಬಿಸಿಲಲ್ಲಿ ನಿಂತ ಪಿಕಪ್ ಟ್ರಕ್‌ನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ತೋಟಾ ಡಬ್ಬಿ ಮುಟ್ಟಲಾಗದಷ್ಟು ಕಾಯುತ್ತದೆ. ಆದರೆ ನಿಮ್ಮ ಮದ್ದು ವಾರ್ಗೆಟ್. ಜನ ಅದನ್ನು ಹುಡುಕಿಕೊಂಡು ಹೋಗುವುದೇ ಅದು ಚಳಿಗೂ ಬಿಸಿಲಿಗೂ ಹೆಚ್ಚು ವ್ಯತ್ಯಾಸ ತೋರಿಸುವುದಿಲ್ಲ ಎಂಬ ಕಾರಣಕ್ಕೆ. ಬಾಲ್ ಪೌಡರ್ (ದುಂಡು ಕಾಳಿನ ಮದ್ದು) ಆಗಿದ್ದರೆ ನಾನು ಬಿಸಿಲನ್ನೇ ಹಿಡಿಯುತ್ತಿದ್ದೆ. ಇಲ್ಲಿ ಬಿಸಿಲಿನ ಪಾಲು ಸ್ವಲ್ಪ ಇರಬಹುದು, ವೇಗದಲ್ಲಿ ಏರಿದ 70 ಅಡಿ ಪೂರ್ತಿ ಅದರದ್ದಲ್ಲ.

ಡಬ್ಬಿ. ಅದೇ ಹೆಸರಿನ ಮದ್ದಾದರೂ ಒಂದು ಲಾಟ್‌ನಿಂದ ಇನ್ನೊಂದಕ್ಕೆ ಉರಿಯುವ ವೇಗದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಕಂಪನಿಗಳು ಅದನ್ನು ಒಂದು ಮಿತಿಯೊಳಗೆ ಇಡುತ್ತವೆ, ಸೊನ್ನೆ ಮಾಡುವುದಿಲ್ಲ. ಡಬ್ಬಿಯ ಮೇಲೆ ಲಾಟ್ ನಂಬರ್ ಹಾಕುವುದು ಸುಮ್ಮನೆ ಅಲ್ಲ. ನಂಬರ್ ಬದಲಾದರೆ ಒಂದೆರಡು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತಬೇಕು. ನೀವು ಹಳೆಯ ಅಂಕಿಗೇ ತುಂಬಿ, ನೇರವಾಗಿ 60 ಮಾಡಿಬಿಟ್ಟಿರಿ.

ಆದರೂ ನನ್ನ ಮುಖ್ಯ ಅನುಮಾನ ಆ ಹೆಕ್ಕಿ ತಂದ ಮಿಲಿಟರಿ ಕೇಸ್ ಮೇಲೆ. ಹೊರಗಿನ ಅಳತೆ ನೋಡಿದರೆ .308 ಕೇಸಿಗೂ 7.62 ಮಿಲಿಟರಿ ಕೇಸಿಗೂ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಡೈನಲ್ಲಿ ಎರಡೂ ಸೈಜ್ ಆಗುತ್ತವೆ, ಒಂದೇ ಚೇಂಬರ್‌ನಲ್ಲಿ ಕೂರುತ್ತವೆ. ವ್ಯತ್ಯಾಸ ಒಳಗಿದೆ. ಸೈನ್ಯದ ಕೇಸಿನ ಗೋಡೆ, ಬುಡ ಎರಡೂ ದಪ್ಪ. ಅಂಗಡಿಯ ಕೇಸಿಗಿಂತ ಹತ್ತಿಪ್ಪತ್ತು ಗ್ರೇನ್ ಭಾರ ಇರುವುದು ಸಾಮಾನ್ಯ. ಹೊರಗೆ ಅಷ್ಟೇ, ಗೋಡೆ ದಪ್ಪ ಅಂದ ಮೇಲೆ ಒಳಗಿನ ಜಾಗ ಕಮ್ಮಿ. ಅಷ್ಟೇ ಮದ್ದನ್ನು ಸಣ್ಣ ಜಾಗದಲ್ಲಿ ಉರಿಸಿದರೆ ಒತ್ತಡ ಏರಲೇಬೇಕು. ಅಂಗಡಿಯ ಕೇಸಿನಲ್ಲಿ ಗರಿಷ್ಠಕ್ಕಿಂತ ಸ್ವಲ್ಪ ಕೆಳಗಿದ್ದ ಪ್ರಮಾಣ ಮಿಲಿಟರಿ ಕೇಸಿನಲ್ಲಿ ಗರಿಷ್ಠ ದಾಟಿಬಿಡುತ್ತದೆ. ಪುಸ್ತಕದ ಅಂಕಿ ಪುಸ್ತಕದವರು ಬಳಸಿದ ಕೇಸಿಗೆ. ಅದರ ಹೆಸರನ್ನೂ ಅವರು ಅಲ್ಲೇ ಬರೆದಿರುತ್ತಾರೆ, ಪ್ರೈಮರ್ ಹೆಸರನ್ನೂ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು, ಕಷ್ಟ ಇಲ್ಲ. ನಿಮ್ಮ ರೈಫಲ್‌ನಲ್ಲಿ ಹೊಡೆದ, ಇನ್ನೂ ಸೈಜ್ ಮಾಡದ ಎರಡು ಕೇಸ್ ತೆಗೆದುಕೊಳ್ಳಿ. ಒಂದು ಜನವರಿಯದ್ದು, ಒಂದು ಮೇ ತಿಂಗಳದ್ದು. ಹಳೆ ಪ್ರೈಮರ್ ಹಾಗೇ ಇರಲಿ, ನೀರು ಸೋರದಂತೆ ತಡೆಯುತ್ತದೆ. ಖಾಲಿ ಕೇಸ್ ತೂಗಿ ಬರೆದುಕೊಳ್ಳಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಸಿರಿಂಜ್‌ನಲ್ಲಿ ನಿಧಾನಕ್ಕೆ ತುಂಬಿ. ಬೆರಳಿನಿಂದ ತಟ್ಟಿದರೆ ಗಾಳಿಗುಳ್ಳೆ ಮೇಲೆ ಬರುತ್ತದೆ. ನೀರು ಕಂಠದ ಅಂಚಿಗೆ ಸಮ ಇರಬೇಕು, ಉಬ್ಬೂ ಬೇಡ ತಗ್ಗೂ ಬೇಡ. ಮತ್ತೆ ತೂಗಿ. ವ್ಯತ್ಯಾಸವೇ ಒಳಗಿನ ಜಾಗ. .308ರಲ್ಲಿ ಅದು 56 ಗ್ರೇನ್ ಆಸುಪಾಸು ಇರುತ್ತದೆ. ಎರಡು ಕೇಸಿನ ನಡುವೆ ಒಂದೂವರೆ, ಎರಡು ಗ್ರೇನ್ ವ್ಯತ್ಯಾಸ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಒಂದೇ ಕೇಸ್ ನಂಬಿ ಕೂರಬೇಡಿ, ಎರಡೂ ಕಡೆಯಿಂದ ನಾಲ್ಕೈದು ನೋಡಿ.

ಇನ್ನು ಆ ಹೊಳೆಯುವ ಗೆರೆ. ಬುಡದಿಂದ ಸ್ವಲ್ಪ ಮೇಲೆ, ಸುತ್ತಲೂ ತೆಳುವಾದ ಉಂಗುರದ ಹಾಗೆ ಇದೆಯಾ? ಹಾಗಿದ್ದರೆ ಅಲ್ಲಿ ಹಿತ್ತಾಳೆ ಹಿಗ್ಗಿ ತೆಳ್ಳಗಾಗಿದೆ. ಮುಂದಿನ ಹೊಡೆತಕ್ಕೋ ಅದರಾಚೆಗೋ ಕೇಸ್ ಅಲ್ಲೇ ಎರಡಾಗುತ್ತದೆ. ಬುಡ ಬೋಲ್ಟ್ ಜೊತೆ ಹೊರಗೆ, ಮೇಲಿನ ಕೊಳವೆ ಚೇಂಬರ್‌ನಲ್ಲೇ ಅಂಟಿಕೊಂಡು ಒಳಗೆ. ನನ್ನ ರಿಪೇರಿ ಟೇಬಲ್‌ಗೆ ಬೇಟೆ ಸೀಸನ್‌ನಲ್ಲಿ ಹೀಗೆ ಅರ್ಧ ಕೇಸ್ ಸಿಕ್ಕಿಕೊಂಡ ರೈಫಲ್‌ಗಳು ಬರುತ್ತವೆ. ಕೇಸ್ ತೆಗೆಯುವುದು ದೊಡ್ಡ ಕೆಲಸ ಅಲ್ಲ. ಭಯ ಇರುವುದು ಆ ಬಿರುಕಿನಿಂದ ಹಿಂದಕ್ಕೆ ನುಗ್ಗುವ ಗ್ಯಾಸ್‌ದು. ರೈಫಲ್ ಮಾಡುವವರು ಅದನ್ನು ಪಕ್ಕಕ್ಕೆ ಬಿಡಲು ತೂತು ಇಟ್ಟಿರುತ್ತಾರೆ, ಆದರೂ ಒಂದಿಷ್ಟು ಮುಖದ ಕಡೆ ಬರಬಹುದು. ರೇಂಜ್‌ನಲ್ಲಿ ಕನ್ನಡಕ ಹಾಕಿ ಎನ್ನುವುದು ಇದಕ್ಕೇ.

ಹೊರಗಿನ ಗೆರೆ ಕೆಲವೊಮ್ಮೆ ಡೈ ಉಜ್ಜಿದ ಗುರುತೂ ಆಗಿರಬಹುದು. ಖಚಿತ ಮಾಡಿಕೊಳ್ಳಲು ಒಂದು ಪೇಪರ್ ಕ್ಲಿಪ್ ಬಿಚ್ಚಿ ನೇರ ಮಾಡಿ, ತುದಿಯನ್ನು ಚೂಪು ಮಾಡಿ ಎಲ್ ಆಕಾರಕ್ಕೆ ಬಗ್ಗಿಸಿ. ಕೇಸಿನ ಕಂಠದಿಂದ ಒಳಗೆ ಬಿಟ್ಟು, ತುದಿಯನ್ನು ಬುಡಕ್ಕೆ ಮುಟ್ಟಿಸಿ, ಗೋಡೆಗೆ ಒತ್ತಿಕೊಂಡು ನಿಧಾನಕ್ಕೆ ಮೇಲಕ್ಕೆಳೆಯಿರಿ. ಸರಿಯಾದ ಕೇಸಿನಲ್ಲಿ ನುಣ್ಣಗೆ ಜಾರುತ್ತದೆ. ತೆಳ್ಳಗಾದ ಕೇಸಿನಲ್ಲಿ ಆ ಗೆರೆ ಇರುವ ಜಾಗದಲ್ಲೇ ತುದಿ ಒಂದು ಹಳ್ಳಕ್ಕೆ ಬಿದ್ದು ತಡೆಯುತ್ತದೆ. ಒಮ್ಮೆ ಬೆರಳಿಗೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ. ಇನ್ನೂ ಅನುಮಾನ ಇದ್ದರೆ ಗರಗಸದಲ್ಲಿ ಉದ್ದಕ್ಕೆ ಸೀಳಿ ನೋಡಿ, ಬರಿಗಣ್ಣಿಗೇ ಕಾಣುತ್ತದೆ.

ಇದು ಯಾಕಾಗುತ್ತದೆ ಅಂದರೆ, ಬರೀ ಹೆಚ್ಚು ಒತ್ತಡದಿಂದಲ್ಲ. ಕೇಸಿನ ಭುಜ (ಕಂಠಕ್ಕೆ ಕಿರಿದಾಗುವ ಇಳಿಜಾರು) ಮತ್ತು ಚೇಂಬರ್‌ನ ಭುಜದ ನಡುವೆ ಜಾಗ ಜಾಸ್ತಿ ಇದ್ದರೆ, ಹೊಡೆದಾಗ ಕೇಸಿನ ಮುಂಭಾಗ ಗೋಡೆಗೆ ಅಂಟಿ ನಿಲ್ಲುತ್ತದೆ, ಬುಡ ಮಾತ್ರ ಹಿಂದಕ್ಕೆ ಹೋಗುತ್ತದೆ. ಮಧ್ಯದ ಹಿತ್ತಾಳೆ ಎಳೆದು ತೆಳ್ಳಗಾಗುತ್ತದೆ. ಪ್ರೆಸ್‌ನಲ್ಲಿ ‘ಡೈ ಶೆಲ್‌ಹೋಲ್ಡರ್‌ಗೆ (ಕೇಸಿನ ಬುಡ ಹಿಡಿಯುವ ತುಂಡಿಗೆ) ಮುಟ್ಟುವ ತನಕ ತಿರುಗಿಸಿ, ಇನ್ನೂ ಸ್ವಲ್ಪ ತಿರುಗಿಸಿ’ ಎಂಬ ಡೈ ಡಬ್ಬಿಯ ಚೀಟಿಯ ಮಾತನ್ನು ಕಣ್ಣು ಮುಚ್ಚಿ ಪಾಲಿಸಿದರೆ ಪ್ರತಿ ಸಲವೂ ಭುಜವನ್ನು ಅಗತ್ಯಕ್ಕಿಂತ ಹಿಂದಕ್ಕೆ ತಳ್ಳುತ್ತೀರಿ. ಹೊಡೆಯುವಾಗ ಹಿಗ್ಗುತ್ತದೆ, ಸೈಜ್ ಮಾಡುವಾಗ ತಳ್ಳುತ್ತೀರಿ, ಮತ್ತೆ ಹಿಗ್ಗುತ್ತದೆ. ಬೋಲ್ಟ್ ರೈಫಲ್‌ಗೆ ಭುಜವನ್ನು 2 ಥೌ, ಅಂದರೆ ಇಂಚಿನ ಸಾವಿರದ ಎರಡು ಭಾಗದಷ್ಟು ತಳ್ಳಿದರೆ ಸಾಕು. ಭುಜ ಎಷ್ಟು ಸರಿದಿದೆ ಎಂದು ಅಳೆಯಲು ಕ್ಯಾಲಿಪರ್‌ಗೆ ಹಾಕುವ ಹೆಡ್‌ಸ್ಪೇಸ್ ಕಂಪೇರೇಟರ್ ಕೊಳ್ಳಿ. ಪ್ರೆಸ್‌ಗಿಂತ ಮುಂಚೆ ಅದನ್ನು ಮಾರಬೇಕು ಅನ್ನುವುದು ನನ್ನ ಹಳೆಯ ಗೊಣಗಾಟ.

ರೇಂಜ್‌ನಲ್ಲಿ ಸಿಕ್ಕ ಮಿಲಿಟರಿ ಕೇಸ್‌ಗೆ ಇನ್ನೊಂದು ರೋಗ ಇರಬಹುದು. ಕೆಲವು ಮೆಷಿನ್ ಗನ್‌ನಲ್ಲಿ ಹೊಡೆದವು. ಅವುಗಳ ಚೇಂಬರ್ ಸಡಿಲ. ಕೇಸ್ ಮೊದಲ ಹೊಡೆತದಲ್ಲೇ ಉದ್ದಕ್ಕೆ ಹಿಗ್ಗಿರುತ್ತದೆ, ನಿಮ್ಮ ಕೈಗೆ ಬರುವಾಗಲೇ ಅರ್ಧ ಆಯಸ್ಸು ಮುಗಿದಿರುತ್ತದೆ. ಜೊತೆಗೆ ಪ್ರೈಮರ್ ಗುಳಿಯ ಸುತ್ತ ಕ್ರಿಂಪ್ (ಪ್ರೈಮರ್ ಕಳಚದಂತೆ ಒತ್ತಿದ ಅಂಚು) ಇರುತ್ತದೆ. ಅದನ್ನು ತೆಗೆಯದೆ ಹೊಸ ಪ್ರೈಮರ್ ಒತ್ತಿದರೆ ಓರೆಯಾಗಿ ಕೂರುತ್ತದೆ. ನೀವು ತೆಗೆದಿದ್ದೀರಿ ಅಂದುಕೊಳ್ಳುತ್ತೇನೆ. ಮೊನ್ನೆ ಹೊಡೆದ ಐದು ಕೇಸಿನಲ್ಲಿ ಹಳೆ ಪ್ರೈಮರ್ ತೆಗೆದು ಹೊಸದನ್ನು ಕೈಯಲ್ಲಿ ಒತ್ತಿ ನೋಡಿ, ಹೆಬ್ಬೆರಳ ಒತ್ತಡಕ್ಕೇ ಒಳಗೆ ಜಾರಿದರೆ ಗುಳಿ ಅಗಲವಾಗಿದೆ. ಅದೂ ಅತಿ ಒತ್ತಡದ ಸಾಕ್ಷಿಯೇ. ಅಂಥ ಕೇಸ್ ಇಕ್ಕಳದಲ್ಲಿ ಜಜ್ಜಿ ಗುಜರಿಗೆ ಹಾಕಿ. ಜಜ್ಜದೆ ಬಿಟ್ಟರೆ ಇನ್ಯಾರೋ ನಿಮ್ಮ ಹಾಗೇ ಹೆಕ್ಕುತ್ತಾರೆ.

ಈಗ ನಿಮ್ಮ ಅರ್ಧ ಇಂಚಿಗೆ ಬರೋಣ. ಅದು ಎಲ್ಲೂ ಹೋಗಿಲ್ಲ, ಯಾಕೆಂದರೆ ಅದು ಇರಲೇ ಇಲ್ಲ.

ಒಂದು ರೈಫಲ್, ಒಂದೇ ಲೋಡ್, ಏನೂ ಬದಲಿಸದೆ ಮೂರು ಮೂರು ಗುಂಡಿನ ಗ್ರೂಪ್‌ಗಳನ್ನು ಹೊಡೆಯುತ್ತಾ ಹೋದರೆ ಪ್ರತಿ ಗ್ರೂಪೂ ಒಂದೇ ಅಳತೆ ಬರುವುದಿಲ್ಲ. ಸರಾಸರಿ ಒಂದು ಇಂಚಿನ ರೈಫಲ್ ಆದರೆ ಅರ್ಧ ಇಂಚಿನದೂ ಬರುತ್ತದೆ, ಒಂದೂವರೆಯದೂ ಬರುತ್ತದೆ. ಯಾರೂ ಏನೂ ತಪ್ಪು ಮಾಡಿರುವುದಿಲ್ಲ. ಇದು ಬರೀ ಲೆಕ್ಕ. ನೀವು ಏಳು ಗ್ರೂಪ್ ಹೊಡೆದು ಅದರಲ್ಲಿ ಚಿಕ್ಕದನ್ನು ಆರಿಸಿದಿರಿ. ಏಳೂ ಗ್ರೂಪ್‌ನ ತೋಟಾದಲ್ಲಿ ಒಂದೇ ಪ್ರಮಾಣದ ಮದ್ದು ಇದ್ದಿದ್ದರೂ ಏಳರಲ್ಲಿ ಒಂದು ಚಿಕ್ಕದು ಇದ್ದೇ ಇರುತ್ತಿತ್ತು! ಅದಕ್ಕೆ ಇಂಗ್ಲಿಷ್‌ನಲ್ಲಿ ‘ನೋಡ್’ (ನಳಿಕೆಗೆ ಒಗ್ಗುವ ವಿಶೇಷ ಪ್ರಮಾಣ) ಎಂದು ಹೆಸರಿಟ್ಟು ವಿಡಿಯೋ ಮಾಡುವವರು ಬಹಳ ಜನ ಇದ್ದಾರೆ. ಪ್ರಮಾಣ ಬದಲಿಸಿದರೆ ಗ್ರೂಪ್ ಬದಲಾಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮೂರು ಗುಂಡಿನಲ್ಲಿ ಅದು ಗೊತ್ತಾಗುವುದಿಲ್ಲ ಎನ್ನುತ್ತಿದ್ದೇನೆ.

ಮೇಲಾಗಿ ಜನವರಿಯಲ್ಲಿ ಹೊಡೆದದ್ದು ಮೂರು, ಮೇ ತಿಂಗಳಲ್ಲಿ ಐದು. ಗುಂಡು ಹೆಚ್ಚಾದಷ್ಟೂ ಗ್ರೂಪ್ ಅಗಲ ಆಗುತ್ತದೆ, ಕುಗ್ಗುವುದಂತೂ ಸಾಧ್ಯವಿಲ್ಲ. ಮೂರರಲ್ಲಿ ಸರಾಸರಿ 1 ಇಂಚು ಕೊಡುವ ರೈಫಲ್ ಐದರಲ್ಲಿ ಸುಮಾರು 1.3, ಹತ್ತರಲ್ಲಿ ಸುಮಾರು 1.6 ಇಂಚು ಕೊಡುತ್ತದೆ. ಹಾಗಾಗಿ ಐದು ಗುಂಡಿನ 1.6 ಇಂಚು ಸ್ವಲ್ಪ ದೊಡ್ಡದು, ಆದರೆ ಅಚ್ಚರಿಯದ್ದಲ್ಲ. ತೆಳು ನಳಿಕೆಯ ಬೇಟೆ ರೈಫಲ್, ಟೆಕ್ಸಾಸ್ ಬಿಸಿಲು, ಬೋಲ್ಟ್ ಗುದ್ದುವ ಗಲಾಟೆ, ಇವೆಲ್ಲ ಸೇರಿದರೆ 1.6 ಒಳ್ಳೆಯದೇ. ನಳಿಕೆ ಸವೆದಿಲ್ಲ. .308 ನಳಿಕೆ ಕೆಲವು ಸಾವಿರ ಹೊಡೆತ ತಾಳುತ್ತದೆ, ನೀವು ಇನ್ನೂ ಅದರ ಹತ್ತಿರಕ್ಕೂ ಹೋಗಿಲ್ಲ. ಗುಂಡಿನ ಆಳವನ್ನೂ ಮುಟ್ಟಬೇಡಿ. ಅದರಲ್ಲೂ ಗುಂಡನ್ನು ಹೊರಗೆಳೆದು ರೈಫ್ಲಿಂಗ್‌ಗೆ (ನಳಿಕೆಯೊಳಗಿನ ಸುರುಳಿ ಗೆರೆಗೆ) ತಾಗಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಒತ್ತಡ ಇನ್ನೂ ಏರುತ್ತದೆ. ಕಾಡಿನಲ್ಲಿ ತೋಟಾ ವಾಪಸ್ ತೆಗೆಯುವಾಗ ಗುಂಡು ನಳಿಕೆಯಲ್ಲೇ ಉಳಿದು, ಮದ್ದೆಲ್ಲ ಆಕ್ಷನ್ ಒಳಗೆ ಚೆಲ್ಲುತ್ತದೆ. ಆ ದಿನದ ಬೇಟೆ ಅಲ್ಲಿಗೆ ಮುಗಿಯಿತು.

ನಿಮಗೆ ಎಷ್ಟು ಗುರಿ ಬೇಕು ಹೇಳಿ. ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು. 100 ಗಜಕ್ಕೆ ಒಂದೂವರೆ ಇಂಚಿನ ರೈಫಲ್ 200 ಗಜದಲ್ಲಿ 3 ಇಂಚಿನೊಳಗೆ ಹಾಕುತ್ತದೆ. ಟೆಕ್ಸಾಸ್‌ನ ಹಿಲ್ ಕಂಟ್ರಿಯ ಪೊದೆ ಕಾಡಿನಲ್ಲಿ 200 ಗಜ ಕಣ್ಣಿಗೆ ಕಾಣುವುದೇ ಅಪರೂಪ. ಅರ್ಧ ಇಂಚಿನ ಆಸೆಗೆ ಗರಿಷ್ಠದ ಅಂಚಿನಲ್ಲಿ ಹೋಗಿ ಕೂತದ್ದು ಯಾವ ಲಾಭಕ್ಕೆ? ಗರಿಷ್ಠಕ್ಕಿಂತ 80, 100 ಅಡಿ ನಿಧಾನದ ಲೋಡ್‌ಗೂ ನಿಮ್ಮದಕ್ಕೂ ವ್ಯತ್ಯಾಸ ಜಿಂಕೆಗೆ ಗೊತ್ತಾಗುವುದಿಲ್ಲ.

ಮುಂದೆ ಏನು ಮಾಡಬಹುದು?

ಉಳಿದ 55 ತೋಟಾ ಬಿಚ್ಚಿ. ಸುತ್ತಿಗೆಯ ಹಾಗಿರುವ ಪುಲ್ಲರ್ (ಕೇಸಿನಿಂದ ಗುಂಡು ಕೀಳುವ ಸಾಧನ) ಅಗ್ಗ, ಆದರೆ 55ಕ್ಕೆ ಕೈ ನೋಯುತ್ತದೆ. ಪ್ರೆಸ್‌ಗೆ ಹಾಕುವ ಕೊಲೆಟ್ ಪುಲ್ಲರ್ ಮೇಲು. ಗುಂಡಿನ ಮೇಲೆ ಆಳದ ಗೀರು ಬಿದ್ದಿರದಿದ್ದರೆ ರೇಂಜ್ ಅಭ್ಯಾಸಕ್ಕೆ ಮತ್ತೆ ಬಳಸಬಹುದು. ಮದ್ದು ಅದೇ ಹೊಸ ಡಬ್ಬಿಯದು ಎಂಬುದರಲ್ಲಿ ಒಂಚೂರೂ ಅನುಮಾನ ಇಲ್ಲದಿದ್ದರೆ ಅದೇ ಡಬ್ಬಿಗೆ ವಾಪಸ್. ಟೇಬಲ್ ಮೇಲೆ ಬೇರೆ ಮದ್ದಿನ ಡಬ್ಬಿಯೂ ತೆರೆದಿತ್ತು ಅನ್ನುವಂತಿದ್ದರೆ ಅದನ್ನು ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿಬಿಡಿ. ಟೇಬಲ್ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬಿ ಇರಬೇಕು. ರೈಫಲ್‌ಗಳು ನಿಜವಾಗಿ ಸಿಡಿದುಹೋಗುವುದು ಹೆಚ್ಚಾಗಿ ಅರ್ಧ ಗ್ರೇನ್ ಜಾಸ್ತಿಯಾಗಿ ಅಲ್ಲ, ಬೇರೆ ಡಬ್ಬಿಯ ಪಿಸ್ತೂಲ್ ಮದ್ದು ಸುರಿದು.

ಮತ್ತೆ ತುಂಬುವುದಾದರೆ ಒಂದೇ ಕಂಪನಿಯ ಕೇಸ್, ಒಂದೇ ಲಾಟ್. ಹೊಸ ಕೇಸ್ ನೂರು ಕೊಂಡರೆ ಖರ್ಚು ಜಾಸ್ತಿ, ನಿಜ, ಆದರೆ ವರ್ಷಗಟ್ಟಲೆ ಬರುತ್ತದೆ. ಮಿಲಿಟರಿ ಕೇಸೇ ಬೇಕು ಅಂದರೆ ಅದನ್ನು ಬೇರೆಯೇ ತೋಟಾ ಅಂತ ತಿಳಿದು ಪುಸ್ತಕದ ಆರಂಭದ ಪ್ರಮಾಣದಿಂದ ಹತ್ತಬೇಕು. ಹಾಗೆ ಮಾಡುವವರು ಇದ್ದಾರೆ, ತಪ್ಪಿಲ್ಲ. ಎರಡನ್ನೂ ಬೆರೆಸುವುದು ತಪ್ಪು. ಪುಸ್ತಕದಲ್ಲಿ ಆರಂಭದ ಅಂಕಿ ಇರದೆ ಗರಿಷ್ಠ ಮಾತ್ರ ಇದ್ದರೆ ಹತ್ತು ಪರ್ಸೆಂಟ್ ಕೆಳಗಿನಿಂದ ಶುರು ಮಾಡುವುದು ವಾಡಿಕೆ. ಹತ್ತುವಾಗ ಗ್ರೂಪ್ ನೋಡಬೇಡಿ, ಒಂದೊಂದು ಮೆಟ್ಟಿಲಿಗೆ ಒಂದೆರಡು ತೋಟಾ ಸಾಕು. ನೋಡಬೇಕಾದದ್ದು ಕ್ರೋನೋಗ್ರಾಫ್ ಮತ್ತು ಬೋಲ್ಟ್. ನಿಮ್ಮ ನಳಿಕೆಯ ಉದ್ದಕ್ಕೆ ಸರಿಹೊಂದಿಸಿದ ಪುಸ್ತಕದ ವೇಗ ಬಂದಿತೋ, ಅದೇ ನಿಮ್ಮ ಗರಿಷ್ಠ, ಪುಸ್ತಕದ ಗ್ರೇನ್ ಇನ್ನೂ ಬಾಕಿ ಇದ್ದರೂ ಸರಿ. ಅಲ್ಲಿಂದ ಒಂದಿಷ್ಟು ಕೆಳಗಿಳಿದು, ಆ ಒಂದು ಪ್ರಮಾಣದಲ್ಲಿ ಹತ್ತು ಹೊಡೆಯಿರಿ. ಗ್ರೂಪ್ ನಿಮಗೆ ಒಪ್ಪಿಗೆಯಾದರೆ ಹುಡುಕಾಟ ನಿಲ್ಲಿಸಿ. ಒಪ್ಪಿಗೆ ಆಗದಿದ್ದರೆ ಹತ್ತನೇ ಒಂದು ಗ್ರೇನ್ ಆಚೀಚೆ ಮಾಡುತ್ತಾ ಕೂರುವುದಕ್ಕಿಂತ ಬೇರೆ ಗುಂಡು ಅಥವಾ ಬೇರೆ ಮದ್ದು ಹಿಡಿಯಿರಿ. ದೊಡ್ಡ ವ್ಯತ್ಯಾಸ ಬರುವುದು ಅಲ್ಲಿ. ಗುಂಡು ಬದಲಿಸಿದರೆ ಮತ್ತೆ ಆರಂಭದಿಂದ. ‘165 ಅಂದರೆ 165 ತಾನೆ’ ಅನ್ನಬೇಡಿ. ತಾಮ್ರದ ಗುಂಡು ಅಷ್ಟೇ ತೂಕದ ಸೀಸದ ಗುಂಡಿಗಿಂತ ಉದ್ದ, ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತದೆ. ಅದಕ್ಕೆ ಅದರದೇ ಅಂಕಿ ಇದೆ.

ಮೂರನೇ ದಾರಿ ಹೇಳಿದರೆ ನಿಮಗೆ ಸಪ್ಪೆ ಅನ್ನಿಸಬಹುದು: ಈ ನವೆಂಬರ್‌ಗೆ ಅಂಗಡಿಯಿಂದ ಎರಡು ಡಬ್ಬಿ ಬೇಟೆ ತೋಟಾ ಕೊಂಡು, ಗುರಿ ಹೊಂದಿಸಿಕೊಂಡು ಹೋಗಿ. ವರ್ಷಕ್ಕೆ ಎರಡು ಡಬ್ಬಿ ಹೊಡೆಯುವವರಿಗೆ ಮನೆಯಲ್ಲಿ ತುಂಬಿದರೆ ದುಡ್ಡು ಉಳಿಯುವುದಿಲ್ಲ. ಪ್ರೆಸ್ ದುಡ್ಡೇ ವಾಪಸ್ ಬರುವುದಿಲ್ಲ. ತುಂಬುವುದರಲ್ಲಿ ಖುಷಿ ಇದ್ದರೆ ಅದು ಬೇರೆ ಲೆಕ್ಕ. ಆಗ ಆತುರ ಇಲ್ಲದೆ ಬೇಸಿಗೆಯಲ್ಲೇ ಕೆಲಸ ಮಾಡಿ. ನಿಮ್ಮ ಕಡೆಯ ಬಿಸಿಲಲ್ಲಿ ಸರಿಯಿದ್ದ ಲೋಡ್ ನವೆಂಬರ್‌ನಲ್ಲಿ ಇನ್ನೂ ಮೆತ್ತಗಾಗುತ್ತದೆ, ಮೇಲೇರುವುದಿಲ್ಲ.

ಯಾವ ತೋಟಾ ಆದರೂ ಸರಿ, ಕೊನೆಯ ಪರೀಕ್ಷೆ ತಣ್ಣನೆ ನಳಿಕೆಯದು. ರೇಂಜ್‌ಗೆ ಹೋದ ದಿನ ಮೊದಲ ಗುಂಡನ್ನು ಒಂದು ಬೇರೆ ಹಾಳೆಗೆ ಹೊಡೆದು, ಪಕ್ಕದಲ್ಲಿ ದಿನಾಂಕ, ಬಿಸಿಲೆಷ್ಟು ಎಂದು ಬರೆದು ಮಡಚಿಡಿ. ಮುಂದಿನ ಸಲ ಅದೇ ಹಾಳೆ. ಕೆಲವು ವಾರಗಳಲ್ಲಿ ಆ ಹಾಳೆಯ ಮೇಲೆ ಒಂದು ಗ್ರೂಪ್ ಆಗುತ್ತದೆ. ಕಾಡಿನಲ್ಲಿ ನಿಮ್ಮ ನಿಜವಾದ ಗುರಿ ಅದು. ಜಿಂಕೆ ನಿಮಗೆ ನಳಿಕೆ ಬಿಸಿ ಮಾಡಿಕೊಳ್ಳಲು ಎರಡು ಗುಂಡು ಬಿಡುವುದಿಲ್ಲ.

ಕಾನೂನಿನ ವಿಷಯ. ಸ್ವಂತ ಬಳಕೆಗೆ ತೋಟಾ ತುಂಬಲು ಅಮೆರಿಕದಲ್ಲಿ ಫೆಡರಲ್ ಲೈಸೆನ್ಸ್ ಬೇಡ. ಮಾರಲು ಬೇಕು, ಗೆಳೆಯರಿಗೆ ದುಡ್ಡು ತೆಗೆದುಕೊಂಡು ತುಂಬಿಕೊಡುವ ಯೋಚನೆ ಇದ್ದರೆ ಬಿಡಿ. ನಿಮಗೆ ಗ್ರೀನ್ ಕಾರ್ಡ್ ಇದೆ, ತೊಂದರೆ ಇಲ್ಲ. ಆದರೆ ಇದನ್ನು ಓದುವ ಎಚ್-1ಬಿ ವೀಸಾದವರಿಗೆ ಒಂದು ಮಾತು. ತಾತ್ಕಾಲಿಕ ವೀಸಾದವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆ ಕಾನೂನಿನಲ್ಲಿ ತೋಟಾ ಎಂದರೆ ಖಾಲಿ ಕೇಸ್, ಪ್ರೈಮರ್, ಗುಂಡು, ಮದ್ದು ಎಲ್ಲವೂ ಸೇರುತ್ತದೆ. ಟೆಕ್ಸಾಸ್‌ನಲ್ಲಿ 2019ರಿಂದ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಕಾಡುಹಂದಿಗೆ ಲೈಸೆನ್ಸ್ ಬೇಡ. ಅದನ್ನು ನಂಬಿ ಎಚ್-1ಬಿಯವರು ಲೈಸೆನ್ಸ್ ಬಿಟ್ಟರೆ ಹಂದಿ ವಿಷಯದಲ್ಲಿ ಬಚಾವ್, ರೈಫಲ್ ವಿಷಯದಲ್ಲಿ ಸಿಕ್ಕಿಬೀಳುತ್ತಾರೆ. ಲೈಸೆನ್ಸ್ ಮಾಡಿಸಿ, ಮುಗಿಯುವ ದಿನ ನೆನಪಿಡಿ.

ಊರಿನ ಪ್ರಶ್ನೆಗೆ ಉತ್ತರ ಚಿಕ್ಕದು: ಪ್ರೆಸ್ ತೆಗೆದುಕೊಂಡು ಹೋಗಬೇಡಿ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಪರಂಪರಾಗತ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವ ಲೈಸೆನ್ಸ್‌ಗೆ ಸಂಬಂಧಿಸಿದ್ದು. ತೋಟಾ ತಯಾರಿಸಲು ಅದರಲ್ಲಿ ಅನುಮತಿ ಇಲ್ಲ, ಅದಕ್ಕೆ 1959ರ ಆಯುಧ ಕಾಯ್ದೆಯಲ್ಲಿ ಬೇರೆಯೇ ಲೈಸೆನ್ಸ್ ಬೇಕು. ಇನ್ನೂ ಒಂದಿದೆ, ಬಹಳ ಜನರಿಗೆ ಗೊತ್ತಿರುವುದಿಲ್ಲ: ಆ ಕಾಯ್ದೆಯ ಪ್ರಕಾರ ತೋಟಾದ ಬಿಡಿಭಾಗಗಳು, ತೋಟಾ ತಯಾರಿಸುವ ಯಂತ್ರ ಕೂಡ ತೋಟಾ ಎಂದೇ ಲೆಕ್ಕ. ಅಂದರೆ ನಿಮ್ಮ ಸೂಟ್‌ಕೇಸ್‌ನಲ್ಲಿ ಬೆಂಗಳೂರು ಕಸ್ಟಮ್ಸ್‌ಗೆ ಕಾಣುವುದು ಹವ್ಯಾಸದ ಸಾಮಾನು ಅಲ್ಲ. ಹೊರಡುವ ಮುಂಚೆ ಬ್ಯಾಗಿನ ಮೂಲೆ, ಜಾಕೆಟ್ ಜೇಬು ಎಲ್ಲ ತಡಕಿ ನೋಡಿ. ಬೇಟೆಗೆ ಹಾಕಿದ ಜಾಕೆಟ್‌ನಲ್ಲಿ ಒಂದು ತೋಟಾ ಉಳಿದಿದ್ದರೂ ಏರ್‌ಪೋರ್ಟ್‌ನಲ್ಲೇ ಪೊಲೀಸ್ ಕೇಸು.

ಅಜ್ಜನ ಕೋವಿಗೆ ಅಣ್ಣ ಅಂಗಡಿಯ ತೋಟಾ ಬಳಸಲಿ, ಆದರೆ ಮೊದಲು ನಳಿಕೆ ಬಿಚ್ಚಿ ಅದರ ಅಡಿ ಚಪ್ಪಟೆ ಭಾಗದ ಮುದ್ರೆ ಓದಿ. ಹಳೆಯ ಇಂಗ್ಲಿಷ್ ಜೋಡುನಳಿಗೆಗಳಲ್ಲಿ ಬಹಳಷ್ಟಕ್ಕೆ ಎರಡೂವರೆ ಇಂಚಿನ ಚೇಂಬರ್. ಅದಕ್ಕೆ 65 ಮಿಲಿಮೀಟರ್ ತೋಟಾ ಮಾತ್ರ. 70ರದ್ದು ಖಾಲಿ ಕೋವಿಯಲ್ಲಿ ಆರಾಮಾಗಿ ಒಳಗೆ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಮುದ್ರೆ ಸವೆದು ಓದಲಾಗದಿದ್ದರೆ, ಅಥವಾ ನಳಿಕೆಯ ಮೇಲೆ ಸುರುಳಿ ಸುರುಳಿಯಾಗಿ ಗೆರೆಗಳ ವಿನ್ಯಾಸ ಕಂಡರೆ, ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸುವ ತನಕ ಅದಕ್ಕೆ ಯಾವ ತೋಟಾವನ್ನೂ ಹಾಕಬೇಡಿ ಎಂದು ಅಣ್ಣನಿಗೆ ಇವತ್ತೇ ಫೋನ್ ಮಾಡಿ ಹೇಳಿ.